ಸಮ್ಯಕ್‌ನ ಐದನೇ ಶಾಲೆ

ಅರಸೀಕೆರೆ
14-6-1995

ಅಕ್ಕನಿಗೆ ಜೈ ಭೀಮ್.

ಕ್ಷೇಮಸಮಾಚಾರ ಬರೆಯುವಷ್ಟು ಪುರುಸೊತ್ತಿಲ್ಲ, ಆದರೂ ಕ್ಷೇಮ. ಗಂಡಸಿಯ ಮನೆ ಬಿಟ್ಟು ಅಂತೂ ಅರಸೀಕೆರೆಗೆ ಬಂದು ಸೇರಿಕೊಂಡೆವು. ನನಗೆ ತಾಲೂಕು ಕಚೇರಿ ಕೂಗಳತೆಯಲ್ಲಿದೆ. ಆಶಾರಾಣಿಗೂ ಆಸ್ಪತ್ರೆಯ ಡ್ಯೂಟಿಗೆ ಬೆಳಗಿನ ಬಸ್ಸು ಹಿಡಿಯುವ ಪಾಡು ತಪ್ಪಿತು. ಕೇಳಿದವರಿಗೆಲ್ಲ ಹೀಗೇ ಹೇಳುತ್ತಿದ್ದೇನೆ. ನಿನ್ನ ಹತ್ತಿರ ಮುಚ್ಚುಮರೆ ಏನು, ನಾವು ಬಂದದ್ದು ಸಮ್ಯಕ್‌ನ ಓದಿಗಾಗಿ.

ಅವನು ಎಲ್ಲರಂಥ ಹುಡುಗ ಅಲ್ಲ ಅಕ್ಕ. ಐದು ವರ್ಷಕ್ಕೇ ಬಸ್ಸಿನ ಬೋರ್ಡುಗಳನ್ನು ಗಡಗಡ ಓದುತ್ತಾನೆ. ಮೊನ್ನೆ ಬರುವಾಗ ಕಂಡಕ್ಟರ್ ಮರುಳಪ್ಪ ಚಿಲ್ಲರೆ ಕೊಟ್ಟ. ಇವನು ನನ್ನ ಅಂಗೈಯಲ್ಲೇ ಎಣಿಸಿ, ಜಾಸ್ತಿ ಕೊಟ್ಟಿದ್ದೀಯ ಮಾಮ ಎಂದು ವಾಪಸು ಕೊಡಿಸಿದ. ಮರುಳಪ್ಪ ಇವನನ್ನು ಎತ್ತಿ ಮುದ್ದಾಡಿದ, ನನ್ನನ್ನು ಮಾತ್ರ ಒಂಥರಾ ನೋಡಿದ.

ಕಾನ್ವೆಂಟಿಗೆ ಸೇರಿಸಿದ್ದಾಯಿತು. ಇಂಟರ್‌ವ್ಯೂ ಇತ್ತು, ಅವನಿಗೂ ನಮಗೂ. ಒನ್ನಿಂದ ಟೆನ್ನಿನವರೆಗೆ ಹೇಳು ಎಂದು ಮೇಡಂ ಕೇಳಿದರೆ ಇವನು ಮುಂದಕ್ಕೋ ಹಿಂದಕ್ಕೋ ಎಂದು ಕೇಳಿದ. ಅವರು ಏನೋ ಬರೆದುಕೊಂಡರು. ಒಳ್ಳೆಯದನ್ನೇ ಬರೆದುಕೊಂಡಿರಬೇಕು, ಸೀಟು ಕೊಟ್ಟರು.

ನಿನ್ನ ವರ್ಗಾವಣೆ ಅರ್ಜಿ ಎಲ್ಲಿಗೆ ಬಂತು ಎಂದು ಬಿಇಒ ಕಚೇರಿಯಲ್ಲಿ ವಿಚಾರಿಸಲು ಹೇಳಿದ್ದೆಯಲ್ಲ. ಆ ಕಚೇರಿ ನಮ್ಮ ಕಚೇರಿಯ ಬೆನ್ನಿಗೇ ಇದೆ. ಈ ವಾರ ಖಂಡಿತ ಹೋಗುತ್ತೇನೆ.

ನಿನ್ನ ತಮ್ಮ
ಉಮಾಶಂಕರ್


ಹಳೇಬೀಡು
2-7-1995

ಉಮಾ,

ನಿನ್ನ ಮಗ ಬುದ್ಧಿವಂತ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಕಳೆದ ಸಲ ಬಂದಾಗ ನನ್ನ ಗಡಿಯಾರ ನಿಧಾನ ಹೋಗುತ್ತಿದೆ ಎಂದು ಹೇಳಿದವನೇ ಅವನು. ಆದರೆ ಐದು ವರ್ಷದ ಮಗುವಿಗಾಗಿ ಇಡೀ ಮನೆಯನ್ನೇ ಕಿತ್ತುಕೊಂಡು ಹೋದದ್ದು ನೋಡಿದರೆ ಬುದ್ಧಿ ಅವನಿಗೆ ಅವರಮ್ಮನ ಕಡೆಯಿಂದ ಬಂದಿರಬೇಕು ಎನಿಸುತ್ತದೆ. ಗಂಡಸಿಯಲ್ಲಿ ಅಪ್ಪ ಊಟ ಬಿಟ್ಟು ಕೂತಿದ್ದಾರಂತೆ, ಮೊಮ್ಮಗ ಇಲ್ಲ ಅಂತ.

ನಾನು ಪಾಠ ಹೇಳುವವಳು, ಒಂದು ಮಾತು ಕೇಳು. ಹುಡುಗನಿಗೆ ಆಡಲು ಜೊತೆ ಯಾರಿದ್ದಾರೆ ಎಂದು ನೋಡು. ಶಾಲೆಯ ಕಟ್ಟಡವನ್ನು ಆಮೇಲೆ ನೋಡು.

ನನ್ನ ಅರ್ಜಿಯನ್ನು ಮರೆಯಬೇಡ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಈ ಮನೆಯಲ್ಲಿ ಮಾತಾಡುವುದೆಂದರೆ ಪಕ್ಕದ ಸಾವಿತ್ರಮ್ಮನವರ ರೇಡಿಯೋ ಒಂದೇ. ಅರಸೀಕೆರೆಗೆ ಬಂದರೆ ಸಂಜೆ ಹೊತ್ತು ನಿಮ್ಮ ಮನೆಗೆ ಬಂದು ಕೂರಬಹುದು ಎಂಬ ಒಂದೇ ಆಸೆಗೆ ಅರ್ಜಿ ಹಾಕಿರುವುದು. ಮೂಲೆಯಲ್ಲಿ ಕೂತು ಹುರುಳಿಕಾಯಿ ಬಿಡಿಸಿಕೊಂಡು ಇರುತ್ತೇನೆ, ಯಾರಿಗೂ ತೊಂದರೆ ಕೊಡುವುದಿಲ್ಲ.

ಅಕ್ಕ
ಲತಾಮಣಿ


ಅರಸೀಕೆರೆ
19-1-1997

ಅಕ್ಕನಿಗೆ ಜೈ ಭೀಮ್.

ಉತ್ತರ ತಡವಾಯಿತು. ಸಮ್ಯಕ್‌ನ ಶಾಲೆ ಬದಲಾಯಿಸುವುದರಲ್ಲೇ ಕಾಲ ಹೋಯಿತು. ಕಾನ್ವೆಂಟಿನಲ್ಲಿ ಅವನು ಸೊನ್ನೆಯೂ ಒಂದು ಸಂಖ್ಯೆ ತಾನೆ, ಒಂದರಿಂದಲೇ ಯಾಕೆ ಶುರು ಮಾಡುತ್ತೀರಿ ಮಿಸ್ ಎಂದು ದಿನಾ ಕೇಳುತ್ತಿದ್ದನಂತೆ. ಅವರು ಅವನನ್ನು ಸ್ಟಾಫ್ ರೂಮಿನಲ್ಲಿ ಕೂರಿಸಿದರು. ಅಲ್ಲಿ ಹೆಡ್ ಮಿಸ್ಸನ್ನೂ ಅದೇ ಕೇಳಿದ. ಟಿಸಿ ನಾವು ಕೇಳುವ ಮೊದಲೇ ಬರೆದಿಟ್ಟಿದ್ದರು. ಎರಡನೇ ಶಾಲೆಯಲ್ಲಿ ಅವನಿಗೆ ಎಲ್ಲ ಬೇಗ ಮುಗಿದುಹೋಗಿ, ಮಿಕ್ಕ ಹೊತ್ತು ಕಿಟಕಿಯಿಂದ ರೈಲ್ವೆ ಸ್ಟೇಷನ್ ಕಡೆ ನೋಡುತ್ತಾ ಗೂಡ್ಸ್ ಗಾಡಿಯ ಡಬ್ಬಿ ಎಣಿಸುತ್ತಿದ್ದ. ಈಗ ಮೂರನೆಯದಕ್ಕೆ ಹಾಕಿದ್ದೇನೆ. ಇಲ್ಲಿ ಕಿಟಕಿ ಸ್ಟೇಷನ್ ಕಡೆಗೆ ಇಲ್ಲ, ಅದನ್ನು ಮೊದಲೇ ವಿಚಾರಿಸಿಕೊಂಡೆ.

ಶಾಲೆಯ ಹೊರಗಿನ ಕಾರ್ಯಕ್ರಮಗಳನ್ನೂ ಬಿಟ್ಟಿಲ್ಲ. ಹಾಸನದ ಕಲ್ಯಾಣ ಮಂಟಪವೊಂದರಲ್ಲಿ ನೆನಪಿನ ಶಕ್ತಿ ಶಿಬಿರ ನಡೆಯಿತು. ಹುಡುಗ ಅವರು ಹೇಳಿದ ವಸ್ತುಗಳ ಹೆಸರನ್ನೆಲ್ಲ ವಾಪಸು ಬರುವಾಗ ಬಸ್ಸಿನಲ್ಲಿ ಒಪ್ಪಿಸಿದ. ನಾನು ಮಾತ್ರ ಕೊಡೆಯನ್ನು ಅಲ್ಲೇ ಮರೆತು ಬಂದೆ. ಭಾನುವಾರ ಡ್ರಾಯಿಂಗು, ಬುಧವಾರ ಹಿಂದಿ. ಸೈನಿಕ ಶಾಲೆಯ ಬಗ್ಗೆಯೂ ಮಾಹಿತಿ ತರಿಸಿದ್ದೇನೆ. ಆಶಾರಾಣಿ ಮಾತ್ರ ನಿನ್ನ ಹಾಗೇ ಮಾತಾಡುತ್ತಾಳೆ. ನಿನ್ನೆ ಅವನು ಅಂಗಳದಲ್ಲಿ ಒಬ್ಬನೇ ಎರಡು ಕಡೆಯೂ ಆಡುತ್ತಾ ಚೌಕಾಬಾರ ಹಾಕಿಕೊಂಡಿದ್ದನಂತೆ. ಯಾರು ಗೆದ್ದರು ಅಂತ ಕೇಳಿದ್ದಕ್ಕೆ, ಯಾರೂ ಬಂದಿಲ್ಲವಲ್ಲ ಅಮ್ಮ ಎಂದನಂತೆ.

ನಿನ್ನ ಅರ್ಜಿ ನೆನಪಿದೆ. ಬಿಇಒ ಸಾಹೇಬರು ರಜೆಯಲ್ಲಿದ್ದಾರೆ.

ಉಮಾಶಂಕರ್


ಅರಸೀಕೆರೆ
3-5-1998

ಅಕ್ಕ,

ತುರ್ತು ವಿಷಯ, ಪೀಠಿಕೆ ಇಲ್ಲ. ನಮ್ಮ ಶಿರಸ್ತೇದಾರರ ತಮ್ಮನ ಮಗಳಿಗೆ ನವೋದಯದಲ್ಲಿ ಸೀಟು ಸಿಕ್ಕಿತು. ಪರೀಕ್ಷೆ ಕಟ್ಟಿ ಪಾಸಾದರೆ ಆರನೇ ತರಗತಿಯಿಂದ ಹಾಸ್ಟೆಲು, ಊಟ, ಪುಸ್ತಕ, ಲೈಬ್ರರಿ, ಎಲ್ಲ ಸರ್ಕಾರದ್ದೇ. ಜಿಲ್ಲೆಯಲ್ಲಿ ಆರಿಸಿದ ಮಕ್ಕಳು. ಸಮ್ಯಕ್‌ಗೆ ಇದಕ್ಕಿಂತ ಸರಿಯಾದದ್ದು ಇಲ್ಲ ಎಂದು ಓಡಿಹೋಗಿ ನಿಯಮಗಳನ್ನು ಓದಿದೆ.

ಬಹುಪಾಲು ಸೀಟು ಹಳ್ಳಿ ಮಕ್ಕಳಿಗಂತೆ. ಹಳ್ಳಿ ಮಕ್ಕಳು ಎಂದರೆ ಮೂರು, ನಾಲ್ಕು, ಐದು, ಈ ಮೂರೂ ತರಗತಿ ಪೂರ್ತಿ ಹಳ್ಳಿ ಶಾಲೆಯಲ್ಲೇ ಓದಿದವರು. ಮಧ್ಯೆ ಒಂದು ದಿನ ಪೇಟೆ ಶಾಲೆ ಮೆಟ್ಟಿಲು ಹತ್ತಿದರೂ ಪೇಟೆಯವರ ಲೆಕ್ಕ. ನಾವು ಗಂಡಸಿಯಲ್ಲೇ ಸುಮ್ಮನೆ ಕೂತಿದ್ದರೆ ಅವನು ಹಳ್ಳಿ ಹುಡುಗ. ಒಳ್ಳೆಯ ಶಾಲೆ ಬೇಕು ಅಂತ ಗಂಟುಮೂಟೆ ಕಟ್ಟಿ ಕರೆತಂದು, ನಾನೇ ಅವನನ್ನು ಪೇಟೆಯವನನ್ನಾಗಿ ಮಾಡಿಟ್ಟೆ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಆದರೆ ಕಾಲ ಮಿಂಚಿಲ್ಲ. ಜೂನ್‌ನಲ್ಲಿ ಅವನು ಮೂರನೇ ತರಗತಿ. ಗಂಡಸಿಗೆ ಕಳಿಸಿದರೆ ಅಪ್ಪ ಅವನನ್ನು ಹೆಗಲ ಮೇಲಿಂದ ಕೆಳಗಿಳಿಸುವುದಿಲ್ಲ, ಶಾಲೆಗೆ ಹೋಗುವ ಮಾತು ದೂರವೇ ಉಳಿಯಿತು. ಹಳೇಬೀಡು ಹಳ್ಳಿ. ನೀನು ಅಲ್ಲಿನ ಟೀಚರು. ಮೂರು ವರ್ಷ ನಿನ್ನ ಹತ್ತಿರ ಇಟ್ಟುಕೊಳ್ಳುತ್ತೀಯಾ?

ಆಶಾರಾಣಿ ಅಳುತ್ತಿದ್ದಾಳೆ, ಆದರೆ ಒಪ್ಪಿದ್ದಾಳೆ.

ಉಮಾಶಂಕರ್


ಹಳೇಬೀಡು
20-5-1998

ಉಮಾ,

ನಿನ್ನ ಕಾಗದ ಓದಿ ಸಾವಿತ್ರಮ್ಮನವರಿಗೂ ಓದಿ ಹೇಳಿದೆ. ಇಬ್ಬರೂ ನಕ್ಕೆವು. ಕ್ಷಮಿಸು, ನಗು ತಡೆಯಲಾಗಲಿಲ್ಲ. ಆಮೇಲೆ ಒಳಕೋಣೆಯಲ್ಲಿ ಇಟ್ಟಿದ್ದ ಸಾಮಾನನ್ನೆಲ್ಲ ಅಟ್ಟಕ್ಕೆ ಹಾಕಿ ಗುಡಿಸಿದೆ.

ಕಳಿಸು. ನನ್ನ ಷರತ್ತುಗಳಿವೆ. ಎಲ್ಲ ಮಕ್ಕಳ ಜೊತೆ ಅವನೂ ನೆಲದ ಮೇಲೇ ಕೂರುತ್ತಾನೆ. ವಾರಕ್ಕೊಂದು ಗೈಡು ಕಳಿಸಬಾರದು. ಬಂದಾಗಲೆಲ್ಲ ಅವನಿಗೆ ಪ್ರಶ್ನೆ ಕೇಳಬಾರದು, ಹೆಸರು ಹಿಡಿದು ಮಾತಾಡಿಸಬೇಕು. ಮೂರು ವರ್ಷವಾದ ಮೇಲೆ ನಿನ್ನ ಮಗನನ್ನು ನೀನು ಕರೆದುಕೊಂಡು ಹೋಗು, ನಾನು ಅಡ್ಡ ಬರುವುದಿಲ್ಲ.

ಅವನಿಗೆ ಏನು ಇಷ್ಟ, ರೊಟ್ಟಿಯೋ ಚಪಾತಿಯೋ, ಆಶಾಳನ್ನು ಕೇಳಿ ಬರೆ.

ಲತಾಮಣಿ


ಹಳೇಬೀಡು
16-8-1998

ತೀರ್ಥರೂಪು ತಂದೆಯವರಿಗೆ ನಿಮ್ಮ ಮಗ ಸಮ್ಯಕ್ ಮಾಡುವ ನಮಸ್ಕಾರಗಳು.

ಹೀಗೇ ಶುರು ಮಾಡಬೇಕು ಎಂದು ಅತ್ತೆ ಹೇಳಿದರು. ನಾನು ಕ್ಷೇಮ. ಇಲ್ಲಿ ಮೂರನೇ ತರಗತಿ ಮತ್ತು ನಾಲ್ಕನೇ ತರಗತಿ ಒಂದೇ ಕೋಣೆ. ಆದ್ದರಿಂದ ನಾನು ನಾಲ್ಕನೆಯದನ್ನೂ ಕೇಳುತ್ತೇನೆ, ಯಾರೂ ಬೈಯುವುದಿಲ್ಲ. ಸೌಂದರ್ಯ ಎಂಬ ಹುಡುಗಿ ಇದ್ದಾಳೆ. ಅವಳ ಅಪ್ಪ ಮೋಹನ್‌ಕುಮಾರ್, ಅವರಿಗೆ ತೆಂಗಿನ ತೋಟ ಇದೆ. ಅವಳಿಗೆ ಕನ್ನಡ ಪೂರ್ತಿ ಬರುತ್ತದೆ, ಲೆಕ್ಕ ಬರುವುದಿಲ್ಲ. ನನಗೆ ಲೆಕ್ಕ ಬರುತ್ತದೆ, ಕನ್ನಡ ಬರೆಯುವುದು ನಿಧಾನ. ಆದ್ದರಿಂದ ಸಂಜೆ ಸಾವಿತ್ರಮ್ಮಜ್ಜಿ ಜಗುಲಿಯ ಮೇಲೆ ನಾವು ಬದಲಾಯಿಸಿಕೊಳ್ಳುತ್ತೇವೆ.

ದೇವಸ್ಥಾನದ ಗೋಡೆಯಲ್ಲಿ ಕೆಳಗೆ ಆನೆ ಸಾಲು ಇದೆ. ಒಂದರ ಹಾಗೆ ಇನ್ನೊಂದು ಇಲ್ಲ. ಮುಂದಿನ ಆನೆ ಹೇಗಿರುತ್ತದೆ ಎಂದು ನಾನು ಮೊದಲೇ ಹೇಳಿ ಆಮೇಲೆ ನೋಡುತ್ತೇನೆ. ಇದುವರೆಗೆ ಒಂದೂ ಸರಿ ಬಂದಿಲ್ಲ. ತುಂಬ ಚೆನ್ನಾಗಿದೆ.

ನೀವು ಕಳಿಸಿದ ಗೈಡು ಬಂತು. ಅತ್ತೆ ಅದರ ಮೇಲೆ ಅನ್ನದ ಪಾತ್ರೆ ಇಡುತ್ತಾರೆ. ಅಮ್ಮನಿಗೆ ನಾನು ಅಳುತ್ತಿಲ್ಲ ಎಂದು ಹೇಳಿ.

ಇತಿ ನಿಮ್ಮ ಮಗ
ಸಮ್ಯಕ್

(ಉಮಾ, ಮೊದಲ ವಾರ ಅತ್ತ. ಆಶಾಗೆ ಹೇಳಬೇಡ. ಈಗ ಸಂಜೆ ಊಟಕ್ಕೆ ಕೂಗಿ ಕೂಗಿ ನನ್ನ ಗಂಟಲು ಹೋಗಿದೆ, ಜಗುಲಿ ಬಿಟ್ಟು ಬರುವುದಿಲ್ಲ. — ಲ.)


ಅರಸೀಕೆರೆ
8-10-1999

ಅಕ್ಕನಿಗೆ ಜೈ ಭೀಮ್.

ಸಿಹಿ ಹಂಚು. ನಿನ್ನ ವರ್ಗಾವಣೆ ಆದೇಶ ಆಗಿದೆ, ಅರಸೀಕೆರೆಗೇ. ಇಷ್ಟು ವರ್ಷ ನನ್ನನ್ನು ಬೈದುಕೊಂಡೆಯಲ್ಲ, ಕೊನೆಗೂ ಹೋಗಿ ಬಿಇಒ ಕಚೇರಿಯಲ್ಲಿ ಕೂತೆ. ಫೈಲು ಒಂದು ಬೀರುವಿನ ಕೆಳಗೆ ಬಿದ್ದಿತ್ತು. ನಾನೇ ಬಗ್ಗಿ ತೆಗೆದೆ, ಅಂಗಿಗೆಲ್ಲ ಧೂಳು. ಮುಂದಿನ ತಿಂಗಳೇ ಬಂದು ಸೇರಬಹುದು. ನಮ್ಮ ಬೀದಿಯಲ್ಲೇ ಒಂದು ಮನೆ ನೋಡಿಟ್ಟಿದ್ದೇನೆ. ನಿನಗೆ ಹುರುಳಿಕಾಯಿ ಬಿಡಿಸಲು ಮೂಲೆ ಕೂಡ ಗೊತ್ತುಮಾಡಿದ್ದೇನೆ.

ಉಮಾಶಂಕರ್

ಮರೆತ ಮಾತು: ಮೇಲಿನದನ್ನು ಆಶಾರಾಣಿಗೆ ಓದಿ ಹೇಳಿದೆ. ಹಾಗಾದರೆ ಸಮ್ಯಕ್ ಎಲ್ಲಿರುತ್ತಾನೆ ಎಂದು ಅವಳು ಕೇಳಿದಳು. ಅವನಿಗೆ ಈಗ ನಾಲ್ಕನೇ ತರಗತಿ. ನಾನು ಅದನ್ನು ಯೋಚಿಸಿರಲಿಲ್ಲ. ನೀನು ಬರಬೇಡ ಎಂದು ನಾನು ಹೇಳುತ್ತಿಲ್ಲ. ಬಾ ಎಂದು ಹೇಗೆ ಹೇಳಲಿ ಎಂಬುದೂ ಗೊತ್ತಾಗುತ್ತಿಲ್ಲ. ನಿನಗೆ ತೋಚಿದಂತೆ ಮಾಡು.


ಹಳೇಬೀಡು
15-10-1999

ಉಮಾ,

ವರ್ಗಾವಣೆ ಬೇಡ ಎಂದು ಬರೆದುಕೊಟ್ಟೆ. ಅರಸೀಕೆರೆಯ ನೀರು ಗಡಸು, ನನ್ನ ಹೊಟ್ಟೆಗೆ ಆಗುವುದಿಲ್ಲ.

ಸಮ್ಯಕ್‌ಗೆ ಸ್ವೆಟರ್ ಗಿಡ್ಡವಾಗಿದೆ. ಆಶಾಗೆ ಹೇಳು.

ಲತಾಮಣಿ


ಹಳೇಬೀಡು
12-2-2001

ಉಮಾ,

ಪರೀಕ್ಷೆ ಮುಗಿಯಿತು. ನೀನು ಆ ದಿನ ಬರಬೇಡ ಎಂದು ನಾನು ಹೇಳಿದ್ದು ಒಳ್ಳೆಯದೇ ಆಯಿತು, ಬಂದಿದ್ದರೆ ಬೇಲೂರಿನಲ್ಲಿ ನಿನ್ನನ್ನು ಹಿಡಿಯುವುದೇ ಒಂದು ಕೆಲಸವಾಗುತ್ತಿತ್ತು.

ನಾನು ಕರೆದುಕೊಂಡು ಹೋದದ್ದು ಅವನೊಬ್ಬನನ್ನೇ ಅಲ್ಲ ಎಂಬುದು ನಿನಗೆ ಗೊತ್ತು. ಒಬ್ಬನಿಗೇ ಪಾಠ ಹೇಳಲು ಕೂತರೆ ಅವನು ಕೇಳುವುದಿಲ್ಲ. ಜಗುಲಿಯಲ್ಲಿ ಸೇರುವ ಮಕ್ಕಳೆಲ್ಲ ಇದ್ದರೆ ಮಾತ್ರ ಅವನಿಗೆ ಕಿವಿ. ಹೀಗಾಗಿ ಇಡೀ ಜಗುಲಿಗೇ ಅರ್ಜಿ ಹಾಕಿಸಿದೆ. ಬೆಳಗಿನ ಬಸ್ಸಿಗೆ ಬೇಲೂರು ಸೇರಿ, ಹೋಟೆಲಿನಲ್ಲಿ ಇಡ್ಲಿ ತಿನ್ನಿಸಿ, ಎಲ್ಲರನ್ನೂ ಒಳಗೆ ಕಳಿಸಿ ನಾನೂ ಸೌಂದರ್ಯಳ ತಾಯಿ ಕಾಂತಮ್ಮನೂ ಹೊಂಗೆ ಮರದ ಕೆಳಗೆ ಕೂತೆವು. ಕಾಂತಮ್ಮ ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತಳು. ನನಗೆ ಅಂದು ಏನನ್ನು ಬೇಡಿಕೊಳ್ಳಬೇಕು ಎಂದು ತಿಳಿಯುತ್ತಿರಲಿಲ್ಲ.

ಈಗ ಹೇಳಲೇಬೇಕಾದ ವಿಷಯ. ಹೊರಗೆ ಬಂದವನ ಮುಖ ನೋಡಿ ನಾನು ಚೆನ್ನಾಗಿ ಬರೆದಿದ್ದಾನೆ ಅಂದುಕೊಂಡೆ, ಅಷ್ಟು ಖುಷಿಯಾಗಿದ್ದ. ಚಿತ್ರಗಳನ್ನು ಸಾಲಾಗಿ ಕೊಟ್ಟು, ಇದರ ಮುಂದಿನದು ಯಾವುದು ಎಂದು ಕೇಳಿದ್ದರಂತೆ.

"ಉತ್ತರ ಬರೆದೆ ಅತ್ತೆ. ಆದರೆ ಅದರ ಮುಂದಿನದು ಏನು ಬತ್ತದೆ ಅಂತ ನೋಡ್ಬೇಕು ಅನ್ನಿಸ್ತು. ಹಾಕ್ತಾ ಹೋದೆ. ಅದು ಮುಗಿಯೋದೇ ಇಲ್ಲ, ಗೊತ್ತಾ ನಿಮ್ಗೆ?"

ಅದು ಮುಗಿಯಲಿಲ್ಲ, ಗಂಟೆ ಹೊಡೆಯಿತು. ಕನ್ನಡ ಭಾಗವನ್ನು ಅವನು ತೆರೆದೇ ನೋಡಿಲ್ಲ. ಬಸ್ಸಿನಲ್ಲಿ ಸೌಂದರ್ಯ ಅವನನ್ನು ಬೈದ ಬೈಗುಳವನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವನು ಕಿಟಕಿಯ ಧೂಳಿನ ಮೇಲೆ ಚಿತ್ರ ಬರೆದು ಅವಳಿಗೆ ತೋರಿಸುತ್ತಿದ್ದ.

ಲತಾಮಣಿ


ಅರಸೀಕೆರೆ
24-6-2001

ಅಕ್ಕ,

ಫಲಿತಾಂಶ ನೋಡಿದೆ. ಮೋಹನ್‌ಕುಮಾರ್ ಮಗಳ ನಂಬರ್ ಇದೆ. ನನ್ನ ಮಗನದ್ದು ಇಲ್ಲ.

ನಾನು ಮೂರು ವರ್ಷ ಮಗನನ್ನು ಬಿಟ್ಟಿದ್ದೆ. ಆಶಾರಾಣಿ ಹಬ್ಬದ ದಿನ ಎಲೆ ಹಾಕುವಾಗ ಒಂದು ಎಲೆ ಹೆಚ್ಚಿಗೆ ಹಾಕಿ ವಾಪಸು ತೆಗೆಯುತ್ತಿದ್ದಳು. ಇದೆಲ್ಲ ಯಾತಕ್ಕೆ? ನಾನು ನಿನ್ನ ಹತ್ತಿರ ಓದಲು ಬಿಟ್ಟೆ, ನೀನು ಅವನನ್ನು ಊರಿಗೆಲ್ಲ ಹಂಚಿದೆ. ಅವನು ಹೇಳಿಕೊಟ್ಟ ಲೆಕ್ಕದಿಂದ ಬೇರೆಯವರ ಮಗಳು ಪಾಸಾದಳು. ಸೀಟು ಯಾವುದು, ನಿಯಮ ಏನು, ಎಲ್ಲವನ್ನೂ ಹುಡುಕಿ ತೆಗೆದವನು ನಾನು. ಊರಿನವರು ಬಂದು ನನ್ನನ್ನೇ ಕೇಳುತ್ತಾರೆ, ನಿಮ್ಮ ಹುಡುಗ ಜೀನಿಯಸ್ ಅಂತಿದ್ರಲ್ಲ ಸಾರ್ ಅಂತ.

ಈ ವರ್ಷದ ಶಾಲೆ ಶುರುವಾಗಿಬಿಟ್ಟಿದೆ. ಇಲ್ಲಿ ಒಂದು ಕಡೆ ಅರ್ಧ ವರ್ಷಕ್ಕೆ ಸೇರಿಸಿಕೊಳ್ಳುತ್ತಾರೆ, ಬೆಳಗ್ಗೆ ಸಂಜೆ ಸ್ಪೆಷಲ್ ಕ್ಲಾಸ್ ಇದೆ. ದಸರಾ ರಜೆಗೆ ಬಂದು ಅವನನ್ನು ಕರೆದುಕೊಂಡು ಬರುತ್ತೇನೆ. ಬಟ್ಟೆಬರೆ ಕಟ್ಟಿಡು.

ಉಮಾಶಂಕರ್


ಹಳೇಬೀಡು
1-7-2001

ಉಮಾಶಂಕರ,

ಕಟ್ಟಿಡುತ್ತೇನೆ. ಮೂರು ವರ್ಷ ಎಂದು ಮಾತು ಕೊಟ್ಟಿದ್ದೆ, ಮೂರು ವರ್ಷ ಮುಗಿಯಿತು.

ಫಲಿತಾಂಶ ಬಂದ ದಿನ ಕಾಂತಮ್ಮ ಮಡಿಲ ತುಂಬ ಎಳನೀರು ತಂದು ಸುರಿದು ಬಾಗಿಲಲ್ಲೇ ಕೂತು ಅತ್ತಳು. ನಾನು ಪಾಠ ಹೇಳಲು ಶುರು ಮಾಡಿದಾಗಿನಿಂದ ನನ್ನ ಶಾಲೆಯಿಂದ ಅಂಥ ಕಡೆಗೆ ಹೋಗುತ್ತಿರುವ ಮೊದಲನೇ ಮಗು ಅವಳು. ನನಗೆ ಸಂತೋಷವಾಯಿತು. ಸಮ್ಯಕ್‌ಗೆ ಸಿಗಲಿಲ್ಲವಲ್ಲ ಎಂದು ಹೊಟ್ಟೆಯೂ ಉರಿಯಿತು. ಅವನು ಹೋಗುವುದಿಲ್ಲವಲ್ಲ ಎಂದು ಒಳಗೊಳಗೇ ಖುಷಿಯೂ ಆಯಿತು. ಮೂರೂ ನಿಜ. ನನಗೆ ಬೈಯಬೇಕು ಎಂದಿದ್ದರೆ ಮೂರನೆಯದಕ್ಕೆ ಬೈ, ಹಂಚಿದ್ದಕ್ಕೆ ಬೈಯಬೇಡ. ಹಂಚಿದ್ದು ನಾನಲ್ಲ ಕಣೋ, ಅವನು. ಹಂಚದೆ ಇದ್ದರೆ ಅವನು ಓದುವವನೇ ಅಲ್ಲ. ನಾಲ್ಕು ವರ್ಷದ ಹಿಂದೆ ಅಂಗಳದಲ್ಲಿ ಒಬ್ಬನೇ ಚೌಕಾಬಾರ ಆಡುತ್ತಿದ್ದವನು ನಿನ್ನ ಮಗನೇ ತಾನೆ.

ಅವನು ನಿನ್ನ ಕಾಗದ ಓದಿದ. ನಾನು ಬಚ್ಚಿಟ್ಟಿರಲಿಲ್ಲ. ಇದು ಎಷ್ಟನೇ ಶಾಲೆ ಆಗುತ್ತೆ ಅತ್ತೆ ಎಂದಷ್ಟೇ ಕೇಳಿದ.

ಲತಾಮಣಿ


ಅರಸೀಕೆರೆ
20-9-2001

ಅಕ್ಕನಿಗೆ ಜೈ ಭೀಮ್.

ನೀನು ಮಾತು ಬಿಟ್ಟಿರುವೆ ಎಂದು ಗೊತ್ತು. ಈ ಕಾಗದ ಓದಿದ ಮೇಲೂ ಬಿಡಬೇಕು ಎನಿಸಿದರೆ ಬಿಡು.

ನಿನ್ನ ಕಾಗದ ಬಂದ ದಿನ ಆಶಾರಾಣಿ ಅದನ್ನು ಓದಿ ಡ್ಯೂಟಿಗೆ ಹೊರಟವಳು ಬಾಗಿಲ ಬಳಿ ನಿಂತು ಹೇಳಿದಳು: "ಅತ್ತಿಗೆ ಆವತ್ತು ನೀರಿನ ನೆಪ ಹೇಳಿದ್ರು, ನೀವು ನಂಬಿದ್ರಿ. ಅವ್ರಿಗೆ ಬೇಕಾಗಿದ್ದ ಒಂದೇ ಒಂದು ಆರ್ಡರ್ರು ಅದು ಕಣ್ರೀ." ಅಷ್ಟು ಹೇಳಿ ಹೋದಳು. ನಾನು ಅಂದು ಕಚೇರಿಯಲ್ಲಿ ಒಂದು ಸಹಿಯನ್ನೂ ನೆಟ್ಟಗೆ ಹಾಕಲಿಲ್ಲ.

ಅಕ್ಕ, ಸಮ್ಯಕ್‌ನನ್ನು ಅಲ್ಲಿಂದ ಕೀಳುವುದಿಲ್ಲ. ಅವನ ಜಗುಲಿ ಅವನಿಗಿರಲಿ, ಅವನು ನಿನಗಿರಲಿ. ಆದರೆ ನನಗೂ ಮಗ ಬೇಕಲ್ಲ, ಆದ್ದರಿಂದ ನಾನೇ ಬರುತ್ತಿದ್ದೇನೆ. ಹಳೇಬೀಡಿನ ನಾಡಕಚೇರಿಗೆ ವರ್ಗ ಕೇಳಿದೆ. ಎಲ್ಲರೂ ಅಲ್ಲಿಂದ ಅರಸೀಕೆರೆಗೆ ಕೇಳುವವರೇ, ಇಲ್ಲಿಂದ ಅಲ್ಲಿಗೆ ಕೇಳಿದವನು ನಾನೊಬ್ಬನೇ ಅಂತೆ. ಅರ್ಜಿಯ ಮಸಿ ಒಣಗುವ ಮೊದಲೇ ಆದೇಶ ಬಂತು. ಸಾಹೇಬರು ನನ್ನ ಆರೋಗ್ಯ ವಿಚಾರಿಸಿದರು. ಆಶಾರಾಣಿ ಕೆಲಸ ಇಲ್ಲೇ, ನಾನು ವಾರಕ್ಕೊಮ್ಮೆ ಬಂದು ಹೋಗುತ್ತೇನೆ.

ಮಗನಿಗೆ ಹೇಳಬೇಡ, ಬಂದ ಮೇಲೆ ಗೊತ್ತಾಗಲಿ.

ಉಮಾಶಂಕರ್


ಹಳೇಬೀಡು
20-9-2001

ಉಮಾ,

ಕೋಪದಲ್ಲಿ ಬರೆದ ಕಾಗದಗಳು ಇಬ್ಬರದೂ ಸಾಕು. ನಾನು ಒಂದು ಕೆಲಸ ಮಾಡಿದ್ದೇನೆ.

ಹಾಸನದಲ್ಲಿ ವರ್ಗಾವಣೆ ಕೌನ್ಸೆಲಿಂಗ್ ಇತ್ತು, ಹೋಗಿ ಕೂತೆ. ಅರಸೀಕೆರೆಯ ಸರ್ಕಾರಿ ಶಾಲೆಯಲ್ಲಿ ಒಂದು ಜಾಗ ಇದೆ, ಆರು ಮತ್ತು ಏಳನೇ ತರಗತಿಗೆ ಎಂದರು. ತೆಗೆದುಕೊಂಡೆ. ದಸರಾ ರಜೆ ಕಳೆದ ಮೇಲೆ ಅಲ್ಲಿ ಹಾಜರಾಗಬೇಕು. ನೀನು ಅವನನ್ನು ಯಾವ ಶಾಲೆಗೆ ಬೇಕಾದರೂ ಹಾಕು, ಎಷ್ಟು ಸ್ಪೆಷಲ್ ಕ್ಲಾಸಿಗೆ ಬೇಕಾದರೂ ಕಳಿಸು. ಸಂಜೆ ಒಂದು ಗಳಿಗೆ ನಾನು ಅವನನ್ನು ನೋಡಿಕೊಂಡು ಹೋಗುತ್ತೇನೆ. ಮೂರು ವರ್ಷ ಊಟಕ್ಕೆ ಕೂಗಿ ಅಭ್ಯಾಸವಾದ ಗಂಟಲು, ಕೂಗದೆ ಇರಲಾರೆ.

ಈ ಮನೆ ಬಿಡುವುದಾಗಿ ಸಾವಿತ್ರಮ್ಮನವರಿಗೆ ಹೇಳಿದ್ದೇನೆ. ನೀರಿನ ವಿಷಯಕ್ಕೆ ನೀನು ಚಿಂತೆ ಮಾಡಬೇಡ, ಕಾಯಿಸಿ ಕುಡಿದರಾಯಿತು.

ಲತಾಮಣಿ


ಹಳೇಬೀಡು
21-10-2001

ಪ್ರೀತಿಯ ಸಮ್ಯಕ್,

ನಾನೂ ಅತ್ತೆಯೂ ಮಾಡಿಕೊಂಡ ಎಡವಟ್ಟು ನಿನಗೆ ಗೊತ್ತೇ ಇದೆ. ಒಂದೇ ದಿನ ಎರಡು ಊರಿನ ಅಂಚೆ ಪೆಟ್ಟಿಗೆಗೆ ಎರಡು ಕಾಗದ ಬಿದ್ದವು. ನಿನ್ನನ್ನು ಬಿಡಲಾರದೆ ಅವಳು ನನ್ನ ಊರಿಗೆ ಹೋದಳು, ನಾನು ಅವಳ ಊರಿಗೆ ಬಂದೆ. ಇಬ್ಬರ ಆದೇಶವನ್ನೂ ಈಗ ಬ್ರಹ್ಮ ಬಂದರೂ ಬದಲಾಯಿಸಲಾರ. ಇಬ್ಬರೂ ಸರ್ಕಾರಿ ನೌಕರರು, ಇಷ್ಟು ವರ್ಷ ಒಬ್ಬರಿಗೂ ಬೇಕಾದಾಗ ಸಿಗದ ವರ್ಗ ಈ ಸಲ ಇಬ್ಬರಿಗೂ ಸಿಕ್ಕಿಬಿಟ್ಟಿತು. ರಜೆಯಲ್ಲಿ ನೀನು ಅಮ್ಮ, ಅತ್ತೆಯ ಜೊತೆ ಅಲ್ಲಿ. ನಾನು ಸಾವಿತ್ರಮ್ಮನವರ ಪಕ್ಕದ ಇದೇ ಮನೆಯಲ್ಲಿ, ಒಬ್ಬನೇ. ನನಗೆ ಬರುವುದು ಉಪ್ಪಿಟ್ಟು ಒಂದೇ. ಬೆಳಗ್ಗೆ ಉಪ್ಪಿಟ್ಟು, ಸಂಜೆ ಬೆಳಗಿನ ಉಪ್ಪಿಟ್ಟು. ಸಾವಿತ್ರಮ್ಮನವರ ರೇಡಿಯೋ ಕೇಳುತ್ತಾ ತಿನ್ನುತ್ತೇನೆ. ಅತ್ತೆ ಇಲ್ಲಿ ಹೇಗಿದ್ದಳು ಎಂದು ಈಗ ಗೊತ್ತಾಗುತ್ತಿದೆ.

ಮೊದಲ ಸಂಜೆಯೇ ನಿನ್ನ ಜಗುಲಿಯವರು ಬಂದರು. ಸಮ್ಯಕ್ ಎಲ್ಲಿ ಎಂದು ಕೇಳಿದರು. ರಜೆಗೆ ಹೋಗಿದ್ದಾನೆ ಎಂದೆ. ಅವರು ವಾಪಸು ಹೋಗಬಹುದಿತ್ತು, ಹೋಗಲಿಲ್ಲ. ಐದನೇ ತರಗತಿಯ ಒಬ್ಬಳು, ನವೋದಯದ ಅರ್ಜಿ ಹೆಂಗೆ ತುಂಬೋದು ಮಾಮ, ನಮ್ಮಪ್ಪಂಗೆ ಗೊತ್ತಾಗಲ್ಲ ಎಂದಳು. ನಾನು ಪೆನ್ನು ತೆಗೆದೆ. ಮಾರನೆಯ ದಿನ ಅವಳ ಜೊತೆ ಇಡೀ ಐದನೇ ತರಗತಿ ಬಂತು. ಫೋಟೋ ಎಲ್ಲಿ ಅಂಟಿಸಬೇಕು, ಹೆಡ್‌ಮಾಸ್ಟರ ಸೀಲು ಎಲ್ಲಿ, ಮೂರು ವರ್ಷ ಹಳ್ಳಿಯಲ್ಲಿ ಓದಿದ ದಾಖಲೆ ಯಾವುದು, ಎಲ್ಲ ನನಗೆ ಬಾಯಿಪಾಠ. ಇಷ್ಟು ವರ್ಷ ನಿನ್ನೊಬ್ಬನಿಗಾಗಿ ಕಲಿತದ್ದು. ಎಲ್ಲರ ಅರ್ಜಿ ತುಂಬಿ ಮುಗಿಸುವ ಹೊತ್ತಿಗೆ ದೀಪ ಹಚ್ಚುವ ಹೊತ್ತಾಯಿತು, ನನಗೆ ಉಪ್ಪಿಟ್ಟು ನೆನಪೇ ಆಗಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಶಾಲೆ ತೆರೆಯುವುದರೊಳಗೆ ನೀನು ಎಲ್ಲಿ ಓದಬೇಕು ಎಂದು ತೀರ್ಮಾನವಾಗಬೇಕು. ಹಳೇಬೀಡಿನಲ್ಲಿ ನನ್ನ ಜೊತೆ ಇರಬಹುದು, ನಿನ್ನ ಹೆಸರು ಇಲ್ಲೇ ಇದೆ. ಅರಸೀಕೆರೆಯಲ್ಲಿ ಅಮ್ಮ, ಅತ್ತೆಯ ಜೊತೆ ಇರಬಹುದು. ಆ ಸ್ಪೆಷಲ್ ಕ್ಲಾಸಿನ ಶಾಲೆಯ ಕಾಗದವನ್ನು ನಾನು ಹರಿದುಹಾಕಿದೆ. ನನಗೆ ಹೇಗೆ ಕೇಳಬೇಕು ಎಂದು ಗೊತ್ತಾಗುತ್ತಿಲ್ಲ, ಇದುವರೆಗೆ ಕೇಳಿಲ್ಲ ನೋಡು. ನಿನಗೆ ಎಲ್ಲಿ ಇಷ್ಟ?

ನಿನ್ನ ಅಪ್ಪ
ಉಮಾಶಂಕರ್


ಅರಸೀಕೆರೆ
28-10-2001

ಅಪ್ಪ,

ನೀನು ಕೇಳಿದ ಪ್ರಶ್ನೆಗೆ ತುಂಬ ಯೋಚನೆ ಮಾಡಿದೆ. ಮೊದಲು ಯಾರೂ ಕೇಳಿರಲಿಲ್ಲ, ಅದಕ್ಕೇ ತಡವಾಯಿತು.

ಹಳೇಬೀಡಿನಲ್ಲಿ ಜಗುಲಿ ಇದೆ, ಆನೆ ಸಾಲು ಇದೆ, ನೀನು ಇದ್ದೀಯ. ಅರಸೀಕೆರೆಯಲ್ಲಿ ಅಮ್ಮ ಇದ್ದಾಳೆ, ಅವಳ ಜೊತೆ ನಾನು ಮೂರು ವರ್ಷ ಇರಲಿಲ್ಲ. ಅತ್ತೆ ಇದ್ದಾರೆ. ನಿನ್ನೆ ಅತ್ತೆಯ ಹೊಸ ಶಾಲೆ ನೋಡಲು ಹೋಗಿದ್ದೆವು. ಬೀಗ ಹಾಕಿತ್ತು, ಕಿಟಕಿಯಿಂದ ನೋಡಿದೆ. ನೆಲದ ಮೇಲೇ ಕೂರುತ್ತಾರೆ. ಹೊರಗೆ ಗೋಲಿ ಆಡುತ್ತಿದ್ದ ಆರನೇ ತರಗತಿಯವರನ್ನು ಮಾತಾಡಿಸಿದೆ. ಒಬ್ಬರಿಗೂ ಭಿನ್ನರಾಶಿ ಬರುವುದಿಲ್ಲ. ತುಂಬ ಚೆನ್ನಾಗಿದೆ.

ಆದ್ದರಿಂದ ನನಗೆ ಇದೇ ಶಾಲೆ ಬೇಕು. ಅತ್ತೆಗೆ ಹೇಳಿದೆ. ಅವರು ಒಳಗೆ ಹೋಗಿ ನೀರು ಕಾಯಿಸಲು ಇಟ್ಟರು. ಕಾಯಿಸಿದ ನೀರು ಆಗಲೇ ಎರಡು ಪಾತ್ರೆ ಇತ್ತು.

ಸೌಂದರ್ಯ ಹಾಸ್ಟೆಲಿನಿಂದ ಕಾಗದ ಬರೆದಿದ್ದಾಳೆ. ಭಾನುವಾರ ಮಾತ್ರ ಅಳು ಬರುತ್ತದಂತೆ. ಅವಳಿಗೆ ಆ ಚಿತ್ರದ ಸಾಲನ್ನು ಕಳಿಸಿದ್ದೇನೆ. ಮುಂದಿನದನ್ನು ಅವಳು ಹಾಕಿ ಕಳಿಸಬೇಕು, ಅದರ ಮುಂದಿನದನ್ನು ನಾನು. ಅದು ಮುಗಿಯುವುದಿಲ್ಲವಾದ್ದರಿಂದ ಅವಳು ಓದು ಮುಗಿಸಿ ಬರುವವರೆಗೂ ಸಾಕಾಗುತ್ತದೆ.

ನೀನು ಒಬ್ಬನೇ ಆಗುತ್ತೀಯ ಎಂಬುದನ್ನೂ ಯೋಚಿಸಿದೆ. ವಾರಕ್ಕೊಮ್ಮೆ ನೀನು ಇಲ್ಲಿಗೆ ಬರುವುದು ಬೇಡ. ಶನಿವಾರ ಶಾಲೆ ಬಿಟ್ಟ ಮೇಲೆ ಜಾವಗಲ್ ಮೇಲೆ ಹೋಗುವ ಬಸ್ಸಿಗೆ ನಾವೇ ಬರುತ್ತೇವೆ, ಡ್ಯೂಟಿ ಇಲ್ಲದಿದ್ದರೆ ಅಮ್ಮನೂ. ಭಾನುವಾರ ಲೆಕ್ಕ ಇದೆ ಎಂದು ಜಗುಲಿಯವರಿಗೆ ಹೇಳಿಡು. ನೀನೂ ಕೂರಬಹುದು.

ಹೆಡ್‌ಮಾಸ್ಟರ ಹತ್ತಿರ ನನ್ನ ಟಿಸಿ ತೆಗೆದಿಡು. ಇದು ನನ್ನ ಐದನೇ ಶಾಲೆ, ಆದರೆ ನಾನಾಗಿ ಕೇಳುತ್ತಿರುವ ಟಿಸಿ ಇದೊಂದೇ.

ಉಪ್ಪಿಟ್ಟು ಮಾಡಬೇಡ. ಅತ್ತೆ ರೊಟ್ಟಿ ಕಟ್ಟಿಕೊಂಡು ಬರುತ್ತಾರಂತೆ.

ಸಮ್ಯಕ್